ಮೈಕ್ರೋಬಿಟ್ ಓಟಿನ ಪೆಟ್ಟಿಗೆ: 32 ಮಕ್ಕಳು, 4 ಓಟು

ಕೊನೆಗೂ ಎಣಿಕೆ 32 ಬಂತು. ಮೂರು ವಾರ ಹಿಡಿಯಿತು. ಅದರಲ್ಲಿ ಎರಡೂವರೆ ವಾರ ಸುಮ್ನೆ ಬ್ಯಾಟರಿಗಳನ್ನು ಬೈದುಕೊಂಡು ಕಳೆದೆ.

ನಾನು ಪಾಠ ಮಾಡುವುದು ನಾಲ್ಕನೇ ತರಗತಿಗೆ. ಮಕ್ಕಳು 32. ಒಬ್ಬೊಬ್ಬರ ಕೈಗೂ ಒಂದು ಮೈಕ್ರೋಬಿಟ್ (ಮಕ್ಕಳಿಗೆ ಕೋಡಿಂಗ್ ಕಲಿಸುವ ಪುಟ್ಟ ಕಂಪ್ಯೂಟರ್ ಬೋರ್ಡು; ಎರಡು ಬಟನ್, 25 ಸಣ್ಣ ದೀಪ, ರೇಡಿಯೋ ಅದರಲ್ಲೇ ಇವೆ), ನನ್ನ ಮೇಜಿನ ಮೇಲೆ ಒಂದು, ಡಬ್ಬಿಯಲ್ಲಿ ಹೆಚ್ಚುವರಿ ಮೂರು. ನಾನು ಪ್ರಶ್ನೆ ಕೇಳುತ್ತೇನೆ, ಅವರು ಎ ಅಥವಾ ಬಿ ಬಟನ್ ಒತ್ತುತ್ತಾರೆ, ಓಟು ರೇಡಿಯೋದಲ್ಲಿ ನನ್ನ ಬೋರ್ಡಿಗೆ ಬರುತ್ತದೆ. ಕೈ ಎತ್ತಿಸಿದರೆ ಸಾಲದೇ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದರು. ಸಾಲದು. 1/3 ದೊಡ್ಡದೋ 1/4 ದೊಡ್ಡದೋ ಅಂತ ಒಮ್ಮೆ ಕೇಳಿದ್ದೆ. 1/3 ಅನ್ನುವವರು ಕೈ ಎತ್ತಿ ಅಂದಾಗ 28 ಕೈ ಮೇಲೆ ಬಂದವು. ತಕ್ಷಣ ಎದ್ದದ್ದು ಐದೇ ಕೈ. ಉಳಿದವು ಆ ಐದನ್ನು ನೋಡಿಕೊಂಡು ಒಂದೊಂದಾಗಿ ಎದ್ದವು. ಕೊನೆಯವನಂತೂ ಕೈ ಮೇಲಿಟ್ಟುಕೊಂಡೇ ಪಕ್ಕದವನನ್ನು "ಪ್ರಶ್ನೆ ಏನೋ?" ಅಂತ ಕೇಳುತ್ತಿದ್ದ.

ಮೇಕ್‌ಕೋಡ್‌ನಲ್ಲಿ (ಬ್ಲಾಕ್ ಜೋಡಿಸಿ ಪ್ರೋಗ್ರಾಂ ಬರೆಯುವ ವೆಬ್‌ಸೈಟ್) ಬ್ಲಾಕ್ ಜೋಡಿಸಿದ್ದು, ಹೆಕ್ಸ್ ಫೈಲ್ (ಬೋರ್ಡಿಗೆ ಹಾಕುವ ಸಿದ್ಧ ಪ್ರೋಗ್ರಾಂ) ಎಳೆದು ಹಾಕಿದ್ದು, ಬೋರ್ಡುಗಳು ಒಂದನ್ನೊಂದು ಕೇಳಲಿ ಅಂತ ಒಂದೇ ರೇಡಿಯೋ ಗ್ರೂಪ್ ಕೊಟ್ಟದ್ದು ಎಲ್ಲ ಮಾಮೂಲಿ ಕೆಲಸ. ಬಿಟ್ಟುಬಿಡುತ್ತೇನೆ. ಆದರೆ ಕೇಬಲ್ ಕಳಿಸಿದ ಮಹಾನುಭಾವರನ್ನು ಮಾತ್ರ ಬಿಡಲಾರೆ. 36 ಕೇಬಲ್‌ಗಳಲ್ಲಿ 11 ಬರೀ ಚಾರ್ಜಿಂಗ್‌ಗೆ ಆಗುವಂಥವು, ಒಳಗೆ ಡೇಟಾ ತಂತಿಯೇ ಇಲ್ಲ. ಬೋರ್ಡಿನ ದೀಪ ಹತ್ತುತ್ತದೆ, ಕಂಪ್ಯೂಟರಿನಲ್ಲಿ ಡ್ರೈವ್ ಕಾಣುವುದಿಲ್ಲ. ಬೋರ್ಡೇ ಕೆಟ್ಟಿದೆ ಅಂತ ಒಂದು ಸಂಜೆ ಪೂರ್ತಿ ಹಾಳಾಯಿತು. ಫೋನ್ ಮಾಡಿದರೆ, "ಕೇಬಲ್ ಅಂದ್ರೆ ಕೇಬಲ್ ಮೇಡಂ, ಎಲ್ಲಾ ಒಂದೇ" ಅಂದರು. ಈಗ ಒಳ್ಳೆಯ ಕೇಬಲ್‌ಗಳಿಗೆಲ್ಲ ಕೆಂಪು ದಾರ ಕಟ್ಟಿದ್ದೇನೆ. ಅದೇ ಪುಣ್ಯಾತ್ಮರು ಬೋರ್ಡುಗಳಲ್ಲೂ ಹಳೆಯ ಮಾದರಿ ವಿ1, ಹೊಸದು ವಿ2 ಎರಡನ್ನೂ ಕಲಸಿ ಕಳಿಸಿದ್ದಾರೆ. ರೇಡಿಯೋ ಮಟ್ಟಿಗೆ ಎರಡೂ ಹೊಂದಿಕೊಳ್ಳುತ್ತವೆ. ಆದರೆ ಸ್ಪೀಕರ್ ಇರುವುದು ವಿ2ಕ್ಕೆ ಮಾತ್ರ. ಓಟು ಒತ್ತಿದಾಗ ಬೀಪ್ ಬರಲಿ ಅಂತ ಹಾಕಿದ್ದೆ. ನನ್ನದು ಯಾಕೆ ಕೂಗಲ್ಲ ಅಂತ ಅರ್ಧ ತರಗತಿ ಅಳುಮೋರೆ ಹಾಕಿತು. ಬೀಪ್ ತೆಗೆದೆ.

ಸರಿ, ಅಸಲು ಗೋಳಿಗೆ ಬರೋಣ.

ಮೊದಲ ಆವೃತ್ತಿ ಸರಳವಾಗಿತ್ತು. ಮಗು ಬಟನ್ ಒತ್ತಿದ ಕೂಡಲೇ ಓಟು ಹೋಗುತ್ತಿತ್ತು. ಎಣಿಕೆ 29, 30, ಮತ್ತೆ 29. ಎರಡು ಮೂರು ಓಟು ದಿನಾ ಮಾಯ. ಕಾರಣ ಬೇಗ ಸಿಕ್ಕಿತು. ಓಟು ಬಂದಾಗಲೆಲ್ಲ ಎಣಿಕೆ ಕಾಣಲಿ ಅಂತ, ರೇಡಿಯೋದಲ್ಲಿ ಏನಾದರೂ ಬಂದಾಗ ಓಡುವ 'ಆನ್ ರೇಡಿಯೋ ರಿಸೀವ್ಡ್' ಬ್ಲಾಕ್‌ನೊಳಗೇ 'ಶೋ ನಂಬರ್' ಹಾಕಿದ್ದೆ. ಎರಡಂಕಿ ಸಂಖ್ಯೆ ಆ 25 ದೀಪಗಳ ಮೇಲೆ ನಿಧಾನಕ್ಕೆ ಉರುಳಿಕೊಂಡು ಹೋಗುತ್ತದೆ. ಅಷ್ಟು ಹೊತ್ತು ಬಂದ ಓಟುಗಳು ಸಾಲಿನಲ್ಲಿ ಕಾಯಬೇಕು. ರೇಡಿಯೋದಲ್ಲಿ ಒಮ್ಮೆಗೆ ಹೋಗುವ ಸಂದೇಶದ ಕಟ್ಟಿಗೆ ಪ್ಯಾಕೆಟ್ ಅಂತಾರೆ. ಆ ಸಾಲಿನಲ್ಲಿ ಬರೀ 4 ಪ್ಯಾಕೆಟ್‌ಗೆ ಜಾಗ, ಐದನೆಯದು ಬೀದಿಪಾಲು. ಓಟನ್ನು ಪಟ್ಟಿಗೆ ಸೇರಿಸಿ ಸುಮ್ಮನಿರು, ತೋರಿಸುವುದು ಆಮೇಲೆ ಅಂತ ಬದಲಿಸಿದೆ. ಎಣಿಕೆ 31 ಮುಟ್ಟಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಮಕ್ಕಳು ಒತ್ತಿದ ಮೇಲೆ ಪಕ್ಕಕ್ಕೆ ನೋಡಿ ಬದಲಿಸುತ್ತಿದ್ದರು. ಒಬ್ಬಳು ಎ ಬಟನ್ ಮೇಲೆ ತಬಲಾ ಬಾರಿಸುತ್ತಿದ್ದಳು. ಅದಕ್ಕೆ ನಾನೊಂದು ಜಾಣತನ ಮಾಡಿದೆ. ಒತ್ತಿದ ಉತ್ತರ ಮಗುವಿನ ಬೋರ್ಡಿನಲ್ಲೇ ಇರುತ್ತದೆ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಸಮಯ ಮುಗಿದಾಗ ನನ್ನ ಬೋರ್ಡು "ಕಳಿಸು" ಅನ್ನುತ್ತದೆ, ಎಲ್ಲ ಬೋರ್ಡುಗಳೂ ಕಳಿಸುತ್ತವೆ. ಬರೆದು ಮುಗಿಸಿದಾಗ ಎಷ್ಟು ಚೆಂದ ಅನ್ನಿಸಿತ್ತು ಗೊತ್ತಾ! ಮಾರನೆಯ ದಿನ ತರಗತಿಯಲ್ಲಿ ಎಲ್ಲರ ಎದುರು "ಕಳಿಸು" ಒತ್ತಿದೆ. 4 ಅಂತ ಬಂತು. ಇನ್ನೊಮ್ಮೆ ಒತ್ತಿದೆ, 3. ಮತ್ತೊಮ್ಮೆ, 6.

ಬ್ಯಾಟರಿ ಇರಬೇಕು ಅಂದುಕೊಂಡು ಬೋರ್ಡಿಗೆ ಎರಡರಂತೆ 64 ಸೆಲ್ ಬದಲಿಸಿದೆ. 4. ರೇಡಿಯೋ ಪವರ್ ತಾನಾಗಿ 6ರಲ್ಲಿರುತ್ತದಲ್ಲ, 7ಕ್ಕೆ ಏರಿಸಿದೆ. 4. ವೈಫೈ ಕಾಟ ಇರಬಹುದು, ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ತಾನೇ ಅಂತ ರೇಡಿಯೋದ ಬ್ಯಾಂಡ್ (ತರಂಗದ ದಾರಿ) 7ರಿಂದ 80ಕ್ಕೆ ಹಾರಿದೆ. 5 ಬಂತು, ಸಂಭ್ರಮಪಟ್ಟೆ, ಮರುಕ್ಷಣ 3. ಒಂದೇ ಬೋರ್ಡು ತೆಗೆದುಕೊಂಡು ಕಾರಿಡಾರಿನ ತುದಿಗೆ ನಡೆದು ಅಲ್ಲಿಂದ ಕಳಿಸಿದರೆ ಪ್ರತಿ ಸಲವೂ ಮುಟ್ಟುತ್ತಿತ್ತು. ಇದಕ್ಕೇನು ಹೇಳೋಣ?

ಈ ಮಧ್ಯೆ ಹಿಂದಿನ ಬೆಂಚಿನಿಂದ ಒಂದು ದೂರು ಬರುತ್ತಲೇ ಇತ್ತು. "ಮಿಸ್, ನೀವು ಮುಂದಿನ ಬೆಂಚಿನವರ ಓಟು ಮಾತ್ರ ತಗೋತೀರಾ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಬೆಂಚಿನ ಮೇಲೆ ಹಿಂದಿನ ಬೆಂಚಿನ ದೂರು ಯಾವತ್ತಿನದು? ಮೂರನೇ ದಿನ ಬೇರೇನೂ ತೋಚದೆ, ಪ್ಯಾಕೆಟ್ ಜೊತೆ ಕಳಿಸಿದ ಬೋರ್ಡಿನ ಸೀರಿಯಲ್ ನಂಬರ್ ಬರುವ ಹಾಗೆ ಮಾಡಿ ನೋಡಿದೆ. ಹುಡುಗ ಹೇಳಿದ್ದು ನಿಜ. ನಾಲ್ಕಕ್ಕೆ ನಾಲ್ಕೂ ಮುಂದಿನ ಬೆಂಚಿನವೇ. ಅಂದಮೇಲೆ ದೂರವೇ ಸಮಸ್ಯೆ ಅಂತ ಮತ್ತೆ ಅದೇ ಹಳ್ಳಕ್ಕೆ ಬಿದ್ದೆ. ನನ್ನ ಬೋರ್ಡನ್ನು ತರಗತಿಯ ಹಿಂದಿನ ಕಿಟಕಿಯ ಮೇಲಿಟ್ಟೆ. ಈಗ ಬಂದ 5 ಓಟೂ ಹಿಂದಿನ ಬೆಂಚಿನವು. ಹಿಂದಿನವರಿಗೆ ಹಬ್ಬ, ಮುಂದಿನವರ ದೂರು ಶುರು.

ಆಗ ಹೊಳೆಯಿತು. ಬೋರ್ಡು ಒಂದೇ ಇದ್ದಾಗ ಕಾರಿಡಾರಿನ ತುದಿಯಿಂದಲೂ ಓಟು ಮುಟ್ಟುತ್ತದೆ, ಜೊತೆಗೆ 31 ಇದ್ದಾಗ ಮುಟ್ಟುವುದಿಲ್ಲ. ಇದು ದೂರದ ಕಥೆಯಲ್ಲ, ಡಿಕ್ಕಿಯ ಕಥೆ.

ಒಂದು ಓಟಿನ ಪ್ಯಾಕೆಟ್ ಗಾಳಿಯಲ್ಲಿರುವುದು ಅರ್ಧ ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು. ಮಕ್ಕಳ ಬೆರಳು ಒತ್ತುವಾಗ ಒಬ್ಬರು ಮುಂದೆ, ಒಬ್ಬರು ಹಿಂದೆ, ಒಬ್ಬರು ಮೂಗು ಒರೆಸಿಕೊಂಡು ಆಮೇಲೆ. ಓಟುಗಳು ತಾವಾಗಿ ಒಂದೆರಡು ಸೆಕೆಂಡಿನಲ್ಲಿ ಹರಡಿಕೊಳ್ಳುತ್ತಿದ್ದವು. ಡಿಕ್ಕಿ ಅಪರೂಪ. ನಾನು "ಕಳಿಸು" ಅಂದಾಗ ಆ 32 ಬೋರ್ಡುಗಳೂ ಅದನ್ನು ಒಂದೇ ಕ್ಷಣದಲ್ಲಿ ಕೇಳಿಸಿಕೊಂಡು ಒಂದೇ ಕ್ಷಣದಲ್ಲಿ ಉತ್ತರ ಕೂಗುತ್ತಿದ್ದವು. ಆ ಗದ್ದಲದಲ್ಲಿ ಹತ್ತಿರ ಇದ್ದು ಜೋರಾಗಿ ಕೇಳಿಸಿದ ಕೆಲವು ಮಾತ್ರ ಉಳಿಯುತ್ತಿದ್ದವು. ಯಾವ ಓಟು ಮುಟ್ಟಿತು, ಯಾವುದು ಸತ್ತಿತು ಅಂತ ಈ ರೇಡಿಯೋ ತಾನಾಗಿ ಹೇಳುವುದೂ ಇಲ್ಲ. ಕೂಗುವುದಷ್ಟೇ ಅದರ ಕೆಲಸ. ಮಕ್ಕಳ ಸೋಮಾರಿತನ ಪುಕ್ಕಟೆಯಾಗಿ ಮಾಡುತ್ತಿದ್ದ ಉಪಕಾರವನ್ನು ನಾನೇ ಕೈಯಾರೆ ಕಿತ್ತು ಹಾಕಿದ್ದೆ.

(ಗದ್ದಲ ಅಂದಾಗ ನೆನಪಾಯಿತು. ಮುಂದಿನ ಪ್ರಾಜೆಕ್ಟ್ ತರಗತಿಯ ಗದ್ದಲದ ಮೀಟರ್. ವಿ2ಕ್ಕೆ ಮೈಕ್ ಇದೆ, ಸದ್ದನ್ನು 0ಯಿಂದ 255ರವರೆಗೆ ಅಳೆದು ಕೊಡುತ್ತದೆ. ಸದ್ದು ಜಾಸ್ತಿಯಾದರೆ ಕೆಂಪು ದೀಪ ಹತ್ತುವಂತೆ ಒಂದು ಮಾದರಿ ಮಾಡಿ ಪಕ್ಕದ ತರಗತಿಯಲ್ಲಿ ಇಟ್ಟು ನೋಡಿದೆ. ಕೆಂಪು ಹತ್ತಿಸುವುದೇ ಅವರ ಆಟವಾಯಿತು. ಆ ಟೀಚರ್ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಇನ್ನು ಉಲ್ಟಾ ಮಾಡಬೇಕು. ಸುಮ್ಮನಿದ್ದರೆ ದೀಪಗಳಲ್ಲಿ ಹೂವು ಅರಳಬೇಕು, ಕೂಗಿದರೆ ಮುದುಡಬೇಕು.)

ಈ ಡಿಕ್ಕಿಯ ಪಾಡು ನನ್ನೊಬ್ಬಳದೇ ಅಲ್ಲ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಅಲೋಹಾನೆಟ್ ಅನ್ನುವ ರೇಡಿಯೋ ಕಂಪ್ಯೂಟರ್ ಜಾಲ ನಡೆಸಲು ಹೊರಟಾಗಲೂ ಇದೇ ತಲೆನೋವು. ಬೇರೆ ಬೇರೆ ದ್ವೀಪಗಳ ಟರ್ಮಿನಲ್‌ಗಳು, ಎಲ್ಲಕ್ಕೂ ಸೇರಿ ಒಂದೇ ರೇಡಿಯೋ ದಾರಿ. ಅವರು ಕಂಡುಕೊಂಡ ಉಪಾಯ ಇಷ್ಟೇ: ಕಳಿಸು. ಮುಟ್ಟಿತು ಅನ್ನುವ ಉತ್ತರ ಬರದಿದ್ದರೆ ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಕಳಿಸು. ಹೀಗೆ ಮಾಡಿದರೆ ಆ ದಾರಿಯ ಹೆಚ್ಚೆಂದರೆ 18% ಮಾತ್ರ ಬಳಕೆಗೆ ಬರುತ್ತದೆ, ಉಳಿದದ್ದು ಡಿಕ್ಕಿಗೂ ಕಾಯುವುದಕ್ಕೂ ಹೋಗುತ್ತದೆ. ನನಗೆ ಬೇಕಿರುವುದು 32 ಓಟು. 18% ಧಾರಾಳವಾಯಿತು.

ಈ ಉಪಾಯ ಹಿಡಿಯುವ ಮೊದಲು ಹಾಜರಿಯ ಕ್ರಮ ಮಾಡಿ ನೋಡಿದ್ದೆ. ಬೋರ್ಡಿಗೊಂದು ರೋಲ್ ನಂಬರ್, ನಂಬರನ್ನು 50ರಿಂದ ಗುಣಿಸಿ ಅಷ್ಟು ಮಿಲಿಸೆಕೆಂಡ್ ಕಾಯುವುದು. ಕಾಗದದ ಮೇಲೆ ಇದೇ ಅಚ್ಚುಕಟ್ಟು. ತರಗತಿಯಲ್ಲಿ ಆಗದ ಮಾತು. ನಂಬರನ್ನು ಬಟನ್ ಒತ್ತಿ ಕೊಟ್ಟರೆ ಬ್ಯಾಟರಿ ಕಳಚಿದ ಕೂಡಲೇ ಮರೆತುಹೋಗುತ್ತದೆ, ಬ್ಯಾಟರಿ ಕಳಚುವುದು ನಾಲ್ಕನೇ ತರಗತಿಯ ರಾಷ್ಟ್ರೀಯ ಕ್ರೀಡೆ. ಪ್ರೋಗ್ರಾಂನಲ್ಲೇ ಬರೆದರೆ 32 ಬೇರೆ ಬೇರೆ ಹೆಕ್ಸ್ ಫೈಲ್. ನನ್ನ ಕೈಯಲ್ಲಾಗದು.

ಆದ್ದರಿಂದ ಅಲೋಹಾ ದಾರಿಯೇ ಗತಿ. "ಕಳಿಸು" ಕೇಳಿದ ಬೋರ್ಡು 'ಪಿಕ್ ರ್ಯಾಂಡಮ್' ಬ್ಲಾಕ್‌ನಿಂದ 0 ಮತ್ತು 3000ದ ನಡುವೆ ಒಂದು ಸಂಖ್ಯೆ ಆರಿಸಿ ಅಷ್ಟು ಮಿಲಿಸೆಕೆಂಡ್ ಕಾಯುತ್ತದೆ, ಕಳಿಸುತ್ತದೆ. ನನ್ನ ಬೋರ್ಡು ಆ ಸೀರಿಯಲ್ ನಂಬರನ್ನು ವಾಪಸ್ ಕೂಗುತ್ತದೆ. ತನ್ನ ನಂಬರ್ ಕೇಳಿಸಿಕೊಂಡ ಬೋರ್ಡು ಸರಿ ಗುರುತು ತೋರಿಸಿ ಸುಮ್ಮನಾಗುತ್ತದೆ. ಕೇಳಿಸದಿದ್ದರೆ ಮತ್ತೆ ಕಾದು ಮತ್ತೆ ಕಳಿಸುತ್ತದೆ. ನನ್ನ ಬೋರ್ಡು ವಾಪಸ್ ಕೂಗುವಾಗ ಅದಕ್ಕೆ ಬೇರೆಯವರ ಮಾತು ಕೇಳಿಸುವುದಿಲ್ಲ, ಅದಕ್ಕೇ ಈ ಎರಡನೇ ಸುತ್ತು ಬೇಕೇ ಬೇಕು. ಒಂದೇ ನಂಬರ್ ಎರಡು ಸಲ ಬಂದರೆ ಒಂದೇ ಓಟು. ಕೆಲವು ಸೀರಿಯಲ್ ನಂಬರ್‌ಗಳು ಮೈನಸ್‌ನಲ್ಲಿ ಬರುತ್ತವೆ, ಗಾಬರಿ ಬೇಡ, ಹೋಲಿಸಲು ಏನೂ ತೊಂದರೆಯಿಲ್ಲ.

ಸೋಮವಾರ ಅದೇ 1/3, 1/4 ಪ್ರಶ್ನೆ ಕೇಳಿದೆ. ಬೆಂಚುಗಳ ಮೇಲೆ ಒಂದೊಂದಾಗಿ ಸರಿ ಗುರುತು ಹತ್ತುತ್ತಾ ಹೋದವು. ನನಗಂತೂ ಅದು ದೀಪಾವಳಿ. ಎಣಿಕೆ 32. ಅದರಲ್ಲಿ 1/4 ದೊಡ್ಡದು ಅಂದವರು 19. ಕೈ ಎತ್ತಿದ 28 ಜನ ಎಲ್ಲಿ ಹೋದರು? ಮುಂದಿನ ಪಾಠ ಪಕ್ಕಕ್ಕಿಟ್ಟು, ಕಾಗದದ ಪಟ್ಟಿ ಮಡಚಿ ಹರಿದು ಮತ್ತೆ ಮೊದಲಿಂದ ಶುರು ಮಾಡಿದೆವು. ಬುಧವಾರ ಕೇಳಿದಾಗ ಆ 19, 6ಕ್ಕೆ ಇಳಿದಿತ್ತು.

ಇವತ್ತು ಶುಕ್ರವಾರ. ಎಲ್ಲರೂ ಹಾಜರು, 32 ಮಕ್ಕಳು. ಎಣಿಕೆ 33 ಬಂದಿದೆ. ಕೋಡನ್ನು ಮೂರು ಸಲ ಓದಿದೆ, ತಪ್ಪಿಲ್ಲ. ಹೆಚ್ಚುವರಿ ಡಬ್ಬಿ ತೆಗೆದು ನೋಡಿದೆ. ಮೂರು ಬೋರ್ಡಿರಬೇಕಿತ್ತು, ಎರಡೇ ಇವೆ. ತಬಲಾ ಬಾರಿಸುತ್ತಿದ್ದವಳು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಾಳೆ.