ಮೊಗ್ಗು, ಅಕ್ರೋಟು ಮತ್ತು ತುಕ್ಕು ಹಿಡಿದ ಡ್ರಮ್ಮುಗಳು

ಉತ್ತರಧ್ರುವದ ಹತ್ತಿರ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಮುಖ್ಯ ಊರು ಲಾಂಗ್‌ಇಯರ್‌ಬೆನ್‌ನಿಂದ ಹೊರಟ ನಮ್ಮ ಹಡಗಿನಲ್ಲಿ ಮುಕ್ಕಾಲು ಪಾಲು ಜನ ಹಿಮಕರಡಿ ನೋಡಲು ಬಂದವರು. ನಾನು ಹಳೆ ಡ್ರಮ್ಮುಗಳನ್ನು ನೋಡಲು ಬಂದಿದ್ದೇನೆ ಅಂದಾಗ ಊಟದ ಮೇಜಿನ ಆಚೆ ಕೂತಿದ್ದ ವಯಸ್ಸಾದ ಜರ್ಮನ್ ದಂಪತಿ ಮುಖ ಮುಖ ನೋಡಿಕೊಂಡರು.

ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತ ಜರ್ಮನ್ನೇ ನನ್ನ ಹೊಟ್ಟೆಪಾಡು. ಯಂತ್ರಗಳ ಕೈಪಿಡಿ, ಕರಾರುಪತ್ರ, ಅಂಥವು. ಹಳೆಯ ಹವಾಮಾನ ಉಪಕರಣಗಳ ಕಡತವೊಂದನ್ನು ಅನುವಾದಿಸುವಾಗ 'ವೆಟ್ಟರ್‌ಟ್ರುಪ್' ಎಂಬ ಪದ ಎದುರಾಯಿತು. ವೆಟ್ಟರ್ ಅಂದರೆ ಹವೆ, ಟ್ರುಪ್ ಅಂದರೆ ಸೈನಿಕರ ತುಕಡಿ. ಮಳೆ ಗಾಳಿ ಅಳೆಯೋಕೆ ಬಂದೂಕು ಹಿಡಿದವರೇಕೆ? ಅದನ್ನು ಕೆದಕುತ್ತಾ ಹೋದವನು ಸ್ವಾಲ್ಬಾರ್ಡ್‌ಗೆ ಬಂದು ಮುಟ್ಟಿದೆ.

ಯುರೋಪಿನ ಹವೆ ಹೆಚ್ಚಾಗಿ ಪಶ್ಚಿಮದಿಂದ, ವಾಯವ್ಯದಿಂದ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಐಸ್‌ಲ್ಯಾಂಡ್ ಮಿತ್ರಪಕ್ಷದ ಕೈಯಲ್ಲಿತ್ತು, ಗ್ರೀನ್‌ಲ್ಯಾಂಡಿನ ವರದಿಗಳೂ ಅವರಿಗೇ. ನಾಳೆ ಮೋಡವೋ ಬಿಸಿಲೋ ಎನ್ನುವುದು ಬ್ರಿಟನ್ನಿಗೆ ಮೊದಲೇ ತಿಳಿಯುತ್ತಿತ್ತು, ಜರ್ಮನಿಗೆ ಕತ್ತಲೆ. ವಿಮಾನ ಹಾರಿಸಬೇಕು, ರಷ್ಯಾದ ಮುರ್ಮಾನ್ಸ್ಕ್ ಬಂದರಿಗೆ ಹೋಗುವ ಹಡಗುಗಳ ಮೇಲೆ ಎರಗಬೇಕು ಅಂದರೆ ಮುನ್ಸೂಚನೆ ಬೇಕೇ ಬೇಕು. 1941ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಮಿತ್ರಪಕ್ಷದವರು ಸ್ವಾಲ್ಬಾರ್ಡಿನ ಗಣಿ ಊರುಗಳ ಜನರನ್ನು ತೆರವುಗೊಳಿಸಿದರು. ಅವರು ಹೋದದ್ದೇ ತಡ, ಹವಾ ಕೇಂದ್ರ ಹೂಡಲು ಜರ್ಮನರು ಬಂದಿಳಿದರು.

ದಾರಿಯಲ್ಲಿ ನ್ಯೂ-ಓಲೆಸುಂಡ್. ಭಾರತದ 'ಹಿಮಾದ್ರಿ' ಸಂಶೋಧನಾ ಕೇಂದ್ರ ಇರುವುದು ಇಲ್ಲೇ, 2008ರಿಂದ. ಚೀನಾದ ಕೇಂದ್ರದ ಬಾಗಿಲ ಇಕ್ಕೆಲದಲ್ಲಿ ಕೂತಿದ್ದ ಕಲ್ಲಿನ ಸಿಂಹಗಳು ಈ ಊರಿನಲ್ಲಿ ಎಷ್ಟು ಪರಕೀಯವೋ ನಾನೂ ಅಷ್ಟೇ. ಅಲ್ಲಿ ಫೋನಿನ ವೈಫೈ, ಬ್ಲೂಟೂತ್ ಆರಿಸಲೇಬೇಕು. ಸೂಕ್ಷ್ಮ ಉಪಕರಣಗಳಿಗೆ ರೇಡಿಯೋ ಸದ್ದು ಆಗಿಬರದು.

ಕ್ರಾಸ್‌ಫ್ಯೋರ್ಡ್ ಎಂಬ ಉದ್ದನೆಯ ಕೊಲ್ಲಿ ಹೊಕ್ಕು, ಜರ್ಮನರ ಹವಾ ಕೇಂದ್ರವಿದ್ದ ಸಿಗ್ನೆಹಾಮ್ನಾ ತಲುಪಿದಾಗ ತುಂತುರು. ರಬ್ಬರ್ ದೋಣಿಯಿಂದ ಇಳಿದೆವು, ಮುಂದೊಬ್ಬ ಹಿಂದೊಬ್ಬ ಗೈಡ್, ಇಬ್ಬರ ಹೆಗಲಲ್ಲೂ ರೈಫಲ್. ಗಾಳಿ ತಾಗದ ಪುಟ್ಟ ಕೊಲ್ಲಿ. ಸಮುದ್ರದಿಂದ ನೋಡಿದರೆ ಒಳಗೇನಿದೆ ಎಂದು ತಿಳಿಯುವುದಿಲ್ಲ. ಅಡಗಲು ಜಾಗ ಹುಡುಕಿದವನಿಗೆ ಕಣ್ಣಿತ್ತು. ಪಾಚಿಯ ನಡುವೆ ಮನೆಯ ಅಡಿಪಾಯದ ಗುರುತು, ಸುಕ್ಕಾದ ಇಂಧನದ ಡ್ರಮ್ಮುಗಳು, ತಂತಿ, ಏನೆಂದು ಗುರುತಿಸಲಾಗದ ಕಬ್ಬಿಣ. ಗುಜರಿ ಅಂಗಡಿಯವನೂ ಮೂಗು ಮುರಿಯುವಂಥ ಸಾಮಾನು, ಆದರೆ ಒಂದು ಮೊಳೆಯನ್ನೂ ಮುಟ್ಟುವಂತಿಲ್ಲ. ಸ್ವಾಲ್ಬಾರ್ಡಿನಲ್ಲಿ 1946ಕ್ಕಿಂತ ಹಿಂದಿನದೆಲ್ಲ ಕಾನೂನಿನ ಪ್ರಕಾರ ಸಂರಕ್ಷಿತ ಪರಂಪರೆ.

ಇಲ್ಲಿ ಮೊದಲ ಚಳಿಗಾಲ ಕಳೆದ ತಂಡದ ಗುಪ್ತನಾಮ 'ಕ್ನೋಸ್ಪೆ', ಮೊಗ್ಗು. ಮರುವರ್ಷದ್ದು 'ನುಸ್‌ಬೌಮ್', ಅಕ್ರೋಟಿನ ಮರ. ಮರವೇ ಇಲ್ಲದ ನಾಡಿನಲ್ಲಿ! ಜರ್ಮನ್ ಅಜ್ಜ ನಕ್ಕರು: "ನಾಯಕರ ಹೆಸರು ನೋಡಿದ್ದೀರಾ?" ಮೊದಲಿನವನು ಹಾನ್ಸ್ ರಾಬರ್ಟ್ ಕ್ನೋಸ್ಪೆಲ್, ಎರಡನೆಯವನು ಫ್ರಾಂಟ್ಸ್ ನುಸ್ಸರ್. ಗುಪ್ತನಾಮದೊಳಗೇ ನಾಯಕನ ಹೆಸರು ಇಣುಕುತ್ತಿದೆ. ಶತ್ರುವಿನ ಕಿವಿಗೆ ಬಿದ್ದಿದ್ದರೆ ಏನು ಗತಿಯೋ. ಕೊನೆಗೆ 1943ರ ಜೂನ್‌ನಲ್ಲಿ ನಾರ್ವೇಜಿಯನ್ ಸೈನಿಕರು ಈ ಕೇಂದ್ರವನ್ನು ಪತ್ತೆಹಚ್ಚಿದರು. ಒಬ್ಬ ಜರ್ಮನ್ ಸತ್ತ, ಉಳಿದವರನ್ನು ಜಲಾಂತರ್ಗಾಮಿ ಒಯ್ದಿತು. ಕ್ನೋಸ್ಪೆಲ್ ಮುಂದೆ ಇನ್ನೊಂದು ತಂಡದೊಂದಿಗೆ ಸ್ವಾಲ್ಬಾರ್ಡಿಗೇ ಮರಳಿ, 1944ರಲ್ಲಿ ಹೊರಡುವ ಹೊತ್ತಿಗೆ ತಮ್ಮವರೇ ಇಟ್ಟ ಸ್ಫೋಟಕಕ್ಕೆ ಬಲಿಯಾದ.

ನನಗೆ ನಿಜಕ್ಕೂ ನೋಡಬೇಕಿದ್ದದ್ದು 'ಹೌಡೇಗನ್' ಎಂಬ ಇನ್ನೊಂದು ಹವಾ ತಂಡದ ಮನೆ, ಸ್ವಾಲ್ಬಾರ್ಡಿನದೇ ಇನ್ನೊಂದು ದ್ವೀಪ ನೂರ್ಡ್‌ಔಸ್ಟ್‌ಲಾಂಡಿನ ರಿಪ್‌ಫ್ಯೋರ್ಡಿನಲ್ಲಿ. ಅದು ಇನ್ನೂ ನಿಂತಿದೆಯಂತೆ. ಕ್ಯಾಪ್ಟನ್ ಮಂಜುಗಡ್ಡೆಯ ನಕ್ಷೆ ತೋರಿಸಿ, ಅಲ್ಲಿಗೆ ಹೋಗಲಾಗದು ಎಂದು ತಲೆಯಾಡಿಸಿದರು. ಸರಿ, ಅಜ್ಜನ ಜೊತೆ ಕಾಫಿ ಕುಡಿಯುತ್ತಾ ಅದರ ಕಥೆ ಮಾತಾಡಿದೆವು. ಭೂಗೋಳತಜ್ಞ ವಿಲ್‌ಹೆಲ್ಮ್ ಡೇಗೆ ನಾಯಕ, ಒಟ್ಟು 11 ಜನ. 1945ರ ಮೇನಲ್ಲಿ ಜರ್ಮನಿ ಶರಣಾಯಿತು. ಇವರನ್ನು ಕರೆದೊಯ್ಯಲು ಮಾತ್ರ ಯಾರೂ ಬರಲಿಲ್ಲ. ಅದುವರೆಗೆ ಸಂಕೇತ ಲಿಪಿಯಲ್ಲಿ ಕಳಿಸುತ್ತಿದ್ದ ಹವಾ ವರದಿಯನ್ನು ಆಮೇಲೆ ಎಲ್ಲರಿಗೂ ಅರ್ಥವಾಗುವಂತೆ ಕಳಿಸತೊಡಗಿದರು. ಸೆಪ್ಟೆಂಬರ್ 4ರಂದು, ಸೀಲ್ ಬೇಟೆಯ ನಾರ್ವೇಜಿಯನ್ ದೋಣಿಯ ಕ್ಯಾಪ್ಟನ್ ಎದುರು ಶರಣಾದರು. ಶಸ್ತ್ರ ಕೆಳಗಿಟ್ಟ ಜರ್ಮನ್ ತುಕಡಿಗಳಲ್ಲಿ ಅದೇ ಕೊನೆಯದು.

"ಹೌಡೇಗನ್ ಅಂದರೆ ನಿಮ್ಮಲ್ಲಿ ಏನಂತೀರಿ?" ಅಜ್ಜ ಕೇಳಿದರು. ಕತ್ತಿವರಸೆಯಲ್ಲಿ ಪಳಗಿದ ಹಳೇ ಹುಲಿ ಅಂದೆ. ಅವರ ಹೆಂಡತಿ ಕಿಟಕಿಯ ಕಡೆ ಬೆರಳು ತೋರಿಸಿ, ನಾಳೆ ಗಾಳಿ ಹೆಚ್ಚಂತೆ, ಮಾತ್ರೆ ನುಂಗಿ ಮಲಗಿ ಅಂದರು.