0.53 ಅಂದ್ರೆ ಪಾಸೋ ಫೇಲೋ

ನನ್ನ ಮೊದಲ ಪೋಸ್ಟಿಂಗ್ ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿಗೆ. ನಾನು ತುಮಕೂರು ಜಿಲ್ಲೆಯ ಪಾವಗಡದ ಕಡೆಯವನು. ಅಲ್ಲಿನ ಮಾತು ಕಿವಿಗೆ ಹತ್ತೋಕೇ ಆರು ತಿಂಗಳು ಬೇಕಾಯಿತು.

ಅವತ್ತು ಬಿ.ಎ. ಕೊನೇ ವರ್ಷಕ್ಕೆ ನಂಜುಂಡಪ್ಪ ವರದಿಯ ಪಾಠ. ಕರೆಂಟ್ ಇರಲಿಲ್ಲ. ಮೊದಲು ಡಾ. ಡಿ.ಎಂ. ನಂಜುಂಡಪ್ಪನವರ ಬಗ್ಗೆ ಹೇಳಿದೆ. ಧಾರವಾಡದಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿದ್ದವರು, ಸರ್ಕಾರಕ್ಕೆ ಆರ್ಥಿಕ ಸಲಹೆಗಾರರಾದರು. ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯ ಎರಡಕ್ಕೂ ಕುಲಪತಿಯಾಗಿದ್ದರು. ನಮ್ಮಲ್ಲಿ ಪುಸ್ತಕ ಬಲ್ಲವರಿಗೆ ಫೈಲು ಬರಲ್ಲ, ಫೈಲು ಬಲ್ಲವರಿಗೆ ಪುಸ್ತಕ ಬೇಡ. ಇವರಿಗೆ ಎರಡೂ ಬರುತ್ತಿತ್ತು. ಪ್ರಾದೇಶಿಕ ಅಸಮತೋಲನದ ಬಗ್ಗೆ, ಅಂದ್ರೆ ರಾಜ್ಯದ ಯಾವ ಭಾಗ ಮುಂದೆ, ಯಾವುದು ಹಿಂದೆ ಅಂತ ನೋಡೋಕೆ, ಸರ್ಕಾರ 2000ದಲ್ಲಿ ಸಮಿತಿ ಮಾಡಿದಾಗ ಅಧ್ಯಕ್ಷರಾದವರು ಇವರೇ.

2002ರಲ್ಲಿ ವರದಿ ಬಂತು. 35 ಸೂಚಕ, ಅಂದ್ರೆ ಅಳತೆಗೋಲು, ಇಟ್ಟುಕೊಂಡು ಒಂದೊಂದು ತಾಲ್ಲೂಕನ್ನೂ ಅಳೆದಿದ್ದರು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದ ತಾಲ್ಲೂಕು. ಆಗಿನ 175 ತಾಲ್ಲೂಕುಗಳಲ್ಲಿ 114 ಹಾಗೆ ಕೆಳಗೇ ಇದ್ದವು. ಅದರಲ್ಲೂ 39 ಅತ್ಯಂತ ಹಿಂದುಳಿದವು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಬೆಂಗಳೂರು ದಕ್ಷಿಣ 1.96, ದೇವದುರ್ಗ 0.53.

ಹಿಂದಿನ ಬೆಂಚಿನ ದೇವದುರ್ಗದ ಹುಡುಗ ಎದ್ದು ನಿಂತ.

"ಸರ್, 53 ಅಂದ್ರ ಪಾಸಾದಂಗಲ್ರಿ? 35ಕ್ಕ ಪಾಸ್ ಐತಿ."

ಕ್ಲಾಸೆಲ್ಲ ನಕ್ಕಿತು. ನನಗೂ ನಗು ತಡೆಯೋಕಾಗಲಿಲ್ಲ. ಇನ್ನೊಬ್ಬ, "ಸರ್, ನಿಮ್ಮ ಊರಿಗೆ ಎಷ್ಟು ಬಂದೈತ್ರಿ?" ಅಂದ. ಪಾವಗಡವೂ ಅದೇ 39ರ ಪಟ್ಟಿಯಲ್ಲಿದೆ ಅಂತ ಒಪ್ಪಿಕೊಂಡೆ. ಅಲ್ಲಿಯತನಕ ನನ್ನನ್ನು "ಬೆಂಗ್ಳೂರ್ ಕಡೆಯವ್ರು" ಅನ್ನುತ್ತಿದ್ದರು ಹುಡುಗರು. ಅವತ್ತು ನಾನೂ ಅವರ ಸಾಲಿನವನಾದೆ. ನಿಜ ಹೇಳಬೇಕಂದ್ರೆ ಖುಷಿಯೇ ಆಯಿತು.

ಈ ಅಂತರ ಸರಿಪಡಿಸೋಕೆ ವರದಿ ಕೇಳಿದ ದುಡ್ಡು ಎಂಟು ವರ್ಷಕ್ಕೆ 31,000 ಕೋಟಿ. ಆ ಮೊತ್ತ ಯಾರಿಗೂ ತಟ್ಟಲಿಲ್ಲ. ಎಷ್ಟು ಸೊನ್ನೆ ಅಂತ ಎಣಿಸಿ ಸುಮ್ಮನಾದರು. ಸೂಚಕಗಳ ಕಡೆ ಬಂದಾಗ ಮಾತ್ರ ಕಿವಿ ಚುರುಕಾದವು. ಹತ್ತು ಸಾವಿರ ಜನಕ್ಕೆ ಎಷ್ಟು ಡಾಕ್ಟರು, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ, ಶಾಲೆ ಬಿಟ್ಟ ಮಕ್ಕಳು ಎಷ್ಟು, ಎಷ್ಟು ಫೋನು. ಪದವಿ ಕಾಲೇಜಿನಲ್ಲಿ ಓದುವವರ ಲೆಕ್ಕವೂ ಅದರಲ್ಲಿದೆ ಅಂತ ಹೇಳಿ, "ಅಂದ್ರೆ ನೀವು ಇಲ್ಲಿ ಬಂದು ಕೂತಿದ್ದೇ ನಿಮ್ಮ ತಾಲ್ಲೂಕಿಗೆ ಮಾರ್ಕ್ಸು" ಅಂದೆ. ಚಪ್ಪಾಳೆ ಬೀಳತ್ತೆ ಅನ್ನೋ ಆಸೆ ಇತ್ತು ಅನ್ನಿ.

ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು. ವರ್ಷವಿಡೀ ಒಂದು ಮಾತೂ ಆಡದವಳು.

"ಸರ್, ಹಂಗಾರ ನಮ್ಮಪ್ಪ ನನ್ನ ಕಾಲೇಜು ಬಿಡಿಸಿದ್ರ, ನಮ್ಮ ತಾಲ್ಲೂಕಿನ ಮಾರ್ಕ್ಸ್ ಕಮ್ಮಿ ಆಗ್ತಾವೇನ್ರಿ?"

ಈ ಸಲ ಯಾರೂ ನಗಲಿಲ್ಲ. ಹೌದಮ್ಮ ಅಂದೆ. ಎಷ್ಟು ಕಮ್ಮಿ ಆಗತ್ತೆ ಅಂತ ತೋರಿಸೋ ಹಾಗೆ ಬೋರ್ಡಿನ ಕಡೆ ತಿರುಗಿ, ಚಾಕ್‌ಪೀಸ್ ಹುಡುಕುತ್ತಾ ನಿಂತೆ. ಅದು ನನ್ನ ಕೈಯಲ್ಲೇ ಇತ್ತು.