ಏಳನೇ ಕಾಲಂ

ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆಗಳಲ್ಲಿ ನ್ಯಾಕ್ ಇಡೀ ಕಾಲೇಜನ್ನು ನೋಡುತ್ತದೆ. ಎನ್‌ಬಿಎ ಹಾಗಲ್ಲ, ಒಂದೊಂದು ಬ್ರಾಂಚನ್ನೂ ಬೇರೆಬೇರೆಯಾಗಿ ವಿಚಾರಿಸುತ್ತದೆ. ಹಾಸನದ ನಮ್ಮ ಕಾಲೇಜಿನ ಸಿವಿಲ್ ವಿಭಾಗ ಅದಕ್ಕೆ ಅರ್ಜಿ ಹಾಕಿದಾಗ ಸ್ವಮೌಲ್ಯಮಾಪನ ವರದಿಯ ಮೂರನೇ ಕ್ರೈಟೀರಿಯನ್ ನನ್ನ ಪಾಲಿಗೆ ಬಂತು. ನಮ್ಮಂಥ ವಿಟಿಯು ಸಂಯೋಜಿತ ಕಾಲೇಜುಗಳ ವರದಿಗೆ ಆಗ ಒಟ್ಟು 1000 ಅಂಕ, ಈ ಭಾಗಕ್ಕೆ 120. ಇಂಟರ್ನಲ್ಸ್‌ನ ಪ್ರತಿ ಪ್ರಶ್ನೆ ಯಾವ ಸಿಓಗೆ (ಒಂದು ವಿಷಯದಿಂದ ಮಕ್ಕಳು ಕಲಿಯಬೇಕಾದದ್ದು) ಸೇರಿದ್ದು, ಆ ಸಿಓ ಆಗಿದ್ದ 12 ಪಿಓಗಳಲ್ಲಿ (ಇಡೀ ಕೋರ್ಸಿನಿಂದ ಕಲಿಯಬೇಕಾದದ್ದು) ಯಾವುದಕ್ಕೆ ಎಷ್ಟು ಹೊಂದುತ್ತದೆ ಎಂದು 1, 2, 3 ಹಾಕುತ್ತಾ ಎಕ್ಸೆಲ್ ತುಂಬಬೇಕಿತ್ತು. ಕೊನೆಗೆ ಪ್ರತಿ ಪಿಓಗೂ ಒಂದು ಅಟೇನ್‌ಮೆಂಟ್, ಅಂದರೆ ಮಕ್ಕಳು ಅದನ್ನು ಎಷ್ಟು ಮುಟ್ಟಿದರು ಎಂಬ ಅಂಕಿ, ಬರುತ್ತಿತ್ತು.

ಪಿಓಗಳಲ್ಲಿ ಆಗ ಏಳನೆಯದು ಪರಿಸರ ಮತ್ತು ಸುಸ್ಥಿರತೆ. ಅದು 1.3ಕ್ಕೆ ನಿಂತಿತ್ತು. ನಮ್ಮ ಟಾರ್ಗೆಟ್ 2.

"ನೋಡಮ್ಮ, ನೋಡೋಕೆ ಬರೋ ಟೀಮಿನವರ ಕಣ್ಣು ಮೊದಲು ಬೀಳೋದೇ ಇಂಥ ಕಾಲಂ ಮೇಲೆ. ಎರಡು ಮಾಡಿಬಿಡು" ಅಂದರು ಎಚ್‌ಓಡಿ ಸರ್. ವಿಭಾಗದ ಒಂದೊಂದು ಲ್ಯಾಬನ್ನೂ ನಿಂತು ಕಟ್ಟಿಸಿದವರು ಅವರು. ಸಿವಿಲ್‌ಗೆ ಅಡ್ಮಿಷನ್ ಇಳಿಯುತ್ತಿದ್ದ ಕಾಲ, ಅವರ ಆತಂಕ ನನಗೂ ಗೊತ್ತಿತ್ತು. ಆದರೂ ಒಪ್ಪಲು ಮನಸ್ಸು ಬರಲಿಲ್ಲ. ಆ 1.3 ಬಂದದ್ದೆಲ್ಲಿಂದ ಎಂದು ಹುಡುಕುತ್ತಾ ಹೋದೆ. ಸರ್ವೇ ಕ್ಯಾಂಪಿನ ವರದಿಗಳಿಗೆ ಬಂದು ಮುಟ್ಟಿದೆ.

ಸಿವಿಲ್ ಓದಿದವರಿಗೆಲ್ಲ ಆ ಕ್ಯಾಂಪ್ ಗೊತ್ತು: ಹೊಸ ಕೆರೆ, ಹಳೇ ಕೆರೆ, ನೀರು ಸರಬರಾಜು, ರಸ್ತೆ. ನಾವು ಹೋಗುತ್ತಿದ್ದುದು ಅರಸೀಕೆರೆ ಕಡೆಗೆ. ಇದೇ ಜಿಲ್ಲೆಯ ಸಕಲೇಶಪುರದಲ್ಲಿ ಮಳೆ ಹೊಯ್ಯುತ್ತಿದ್ದರೂ ಇಲ್ಲಿಯವರು ತೆಂಗು ಉಳಿಸಿಕೊಳ್ಳಲು ಒದ್ದಾಡುತ್ತಾರೆ. ಹಳೇ ಕೆರೆಯಲ್ಲಿ ಮಕ್ಕಳು ಲೆವೆಲ್ ತೆಗೆದು, ಕಾಂಟೂರ್ ಎಳೆದು, ನೀರು ಹೆಚ್ಚು ನಿಲ್ಲಲಿ ಎಂದು ತಮ್ಮ ವಿನ್ಯಾಸದಲ್ಲಿ ಕೋಡಿಯನ್ನು ಎತ್ತರಿಸಿದ್ದರು. ಲೆಕ್ಕವೆಲ್ಲ ಸರಿಯಿತ್ತು. ಆದರೆ ಕೋಡಿ ಏರಿದಷ್ಟೂ ಹಿನ್ನೀರು ಹರಡಿಕೊಂಡು ಮೇಲಿನ ಹೊಲಗಳನ್ನು ಮುಳುಗಿಸುತ್ತದೆ. ಅವು ಯಾರ ಹೊಲ ಎಂದು ಒಂದು ವರದಿಯೂ ಹೇಳುತ್ತಿರಲಿಲ್ಲ. ವೈವಾದಲ್ಲಿ ಅದನ್ನೇ ಕೇಳಿದಾಗ ಮಕ್ಕಳು ತಡವರಿಸಿದ್ದರು, ಅಂಕ ಬಿದ್ದಿರಲಿಲ್ಲ.

ವರದಿಗಳನ್ನು ಸರ್ ಮುಂದಿಟ್ಟೆ. "ಇದನ್ನ ಎರಡು ಮಾಡಿದ್ರೆ ಈ ಹೊಲಗಳನ್ನ ನಾವೂ ಮುಳುಗಿಸಿದ ಹಾಗೆ ಸರ್" ಅಂದೆ. ಅವರು ಹಾಳೆ ತಿರುಗಿಸುತ್ತಾ ತುಂಬಾ ಹೊತ್ತು ಕೂತರು. 1.3 ಹಾಗೇ ಉಳಿಯಿತು. ವರದಿಯಲ್ಲಿ ಆಗ ಏಳನೇ ಕ್ರೈಟೀರಿಯನ್ ಇದ್ದದ್ದೇ ಕೊರತೆ ಕಂಡಲ್ಲಿ ಏನು ಮಾಡಿದಿರಿ ಎಂದು ಕೇಳುವುದಕ್ಕೆ. ಮುಂದಿನ ಕ್ಯಾಂಪಿನ ಬದಲಾವಣೆಯನ್ನು ಅಲ್ಲಿ ಸರ್ ತಾವೇ ಬರೆದರು.

ಆ ಕ್ಯಾಂಪಿನಲ್ಲಿ ಮಕ್ಕಳು ಹೊಸ ನೀರಿನ ಮಟ್ಟವನ್ನು ಊರಿನ ಸರ್ವೇ ನಕ್ಷೆಯ ಮೇಲೆ ಕೆಂಪು ಗೆರೆಯಾಗಿ ಎಳೆದುಕೊಂಡು, ಆ ಗೆರೆಯುದ್ದಕ್ಕೂ ಗೂಟ ಹೊಡೆಯುತ್ತಾ ನಡೆದರು. ಹೊಲದವರು ಬಂದು ನಿಂತರು. ಒಬ್ಬ ಅಜ್ಜ, "ಮೊದ್ಲು ಹೂಳು ತೆಗೀರವ್ವ, ಕೋಡಿ ಮಾತು ಆಮೇಲೆ" ಅಂದರು. ರಾತ್ರಿ ಕೂತು ಹುಡುಗಿಯರು ಲೆಕ್ಕ ಹಾಕಿದರೆ, ಕೋಡಿ ಮುಟ್ಟದೆ ಹೂಳು ತೆಗೆದರೇ ಅಷ್ಟು ನೀರು ನಿಲ್ಲುತ್ತಿತ್ತು. ಎಷ್ಟೋ ವರ್ಷ ಪಾಠ ಮಾಡಿಯೂ ನನಗೆ ಇಷ್ಟು ಸಂತೋಷವಾದ ರಾತ್ರಿ ಕಡಿಮೆ.

ಎನ್‌ಬಿಎ ತಂಡ ಬಂದಾಗ ತಜ್ಞರು ನೇರ ಆ ಕಾಲಮ್ಮಿಗೇ ಬೆರಳಿಟ್ಟರು. ಸರ್ ಆ ಕ್ಯಾಂಪಿಗೆ ಹೋಗಿದ್ದ ಒಬ್ಬ ಹುಡುಗಿಯನ್ನು ಕರೆಸಿದರು. ಅವಳು ಟೇಬಲ್ ಮೇಲೆ ನಕ್ಷೆ ಹರಡಿ, ಯಾವ ಸರ್ವೇ ನಂಬರಿನ ಎಷ್ಟು ಭಾಗ ಮುಳುಗುತ್ತಿತ್ತು ಎಂದು ತೋರಿಸುತ್ತಾ ಹೋದಳು. ತಜ್ಞರು ಫೈಲ್ ಪಕ್ಕಕ್ಕಿಟ್ಟು ಫೀಲ್ಡ್ ಬುಕ್ ಕೇಳಿದರು.

"ತೆಗೆದ ಹೂಳನ್ನು ಏನು ಮಾಡುತ್ತೀರಿ?"

"ರೈತರೇ ಹೊಲಕ್ಕೆ ಹೊಡ್ಕೋತಾರೆ ಸರ್."

"ಆ ಮಣ್ಣನ್ನು ಪರೀಕ್ಷೆ ಮಾಡಿಸಿದ್ದೀರಾ?"

"ಇಲ್ಲ ಸರ್" ಅಂದಳು, ನೇರವಾಗಿ. ಅವರು ಅದನ್ನು ಬರೆದುಕೊಂಡರು.

ನಮಗೆ 3 ವರ್ಷದ ಮಾನ್ಯತೆ ಬಂತು. ಈ ಸಲದ ಕ್ಯಾಂಪಿನಲ್ಲಿ ಹೂಳಿನ ಸ್ಯಾಂಪಲ್ ತಂದು ಮಣ್ಣು ಪರೀಕ್ಷೆಗೆ ಕೊಡುವ ಕೆಲಸವನ್ನೂ ಸೇರಿಸಿದ್ದೇವೆ. ಅದಕ್ಕೂ ಅಂಕ ಇಟ್ಟಿದ್ದೇವೆ.